ಉಷಾ ಮನೆಗೆ ತಂದ ತೀರ್ಥ

ಉಷಾಳ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಅವಳ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಮಲೇಷ್ಯಾದ ಮೆಲಾಕಾದ ಮೆಡಿಕಲ್ ಕಾಲೇಜೊಂದರಲ್ಲಿ ನಾನು ಹದಿನೈದು ವರ್ಷಗಳಿಂದ ಔಷಧಶಾಸ್ತ್ರ ಕಲಿಸುತ್ತಿದ್ದೇನೆ. ಯಾವ ಗುಳಿಗೆಯ ಜೊತೆ ಯಾವುದು ಹೊಟ್ಟೆಗೆ ಹೋಗಬಾರದು ಎಂದು ವಿದ್ಯಾರ್ಥಿಗಳಿಂದ ಬಾಯಿಪಾಠ ಹೇಳಿಸುವುದೇ ನನಗೆ ಅನ್ನ ಕೊಡುವ ಕೆಲಸ. ಅಷ್ಟಿದ್ದೂ ಗೆಳತಿಯ ಮನೆಯಲ್ಲಿ ಏನು ನಡೆಯಲಿದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ದೀಪದ ಕೆಳಗೆ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನನ್ನ ಹೆಸರು ಸುಫಿಯಾ, ಊರು ಹುಬ್ಬಳ್ಳಿ. ಉಷಾ ಮೈಸೂರಿನವಳು. ನಮ್ಮ ಪರಿಚಯವಾದದ್ದು ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿ, ಒಂದು ಕಾಂಡೋ ವಸತಿಸಮುಚ್ಚಯದ ಸಭಾಂಗಣದಲ್ಲಿ ನಡೆದ ರಾಜ್ಯೋತ್ಸವದ ಊಟದ ಸಾಲಿನಲ್ಲಿ. ಅವಳು ಆಗ ಏಳು ತಿಂಗಳ ಬಸುರಿ. ಸಾಲು ತಪ್ಪಿಸಿ ಮುಂದೆ ನುಗ್ಗಿದ ಒಬ್ಬ ದೊಡ್ಡ ಮನುಷ್ಯನನ್ನು ನಾನು ನಮ್ಮೂರ ಮಾತಿನಲ್ಲಿ ಝಾಡಿಸಿದೆ. ಆತ ತೆಪ್ಪಗೆ ಹಿಂದೆ ಹೋದ. ಉಷಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಗಂಡ ನಾಣಿ ತಟ್ಟೆ ಹಿಡಿದು ಬಂದು, ನನ್ನ ಪರಿಚಯ ಕೇಳಿ, "ಡಾಕ್ಟ್ರೇ, ನಿಮ್ಮ ಧ್ವನಿ ಕೇಳಿ ಒಳಗಿರೋ ಮಗೂನೂ ಸಾಲಲ್ಲಿ ನಿಂತ್ಕೊಂಡಿರುತ್ತೆ ನೋಡಿ" ಎಂದ. ನಾಣಿಯ ಬಾಯಿ ಮುಚ್ಚಿದ್ದನ್ನು ಆ ಕಾಲದಲ್ಲಿ ಯಾರೂ ನೋಡಿರಲಿಲ್ಲ. ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಅವನು. ಗೆಳೆಯರು ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು.

ಉಷಾಳದು ಹೇಳಿಕೊಳ್ಳುವಂಥ ಬದುಕಲ್ಲ. ತಂದೆ ಅಂಚೆ ಕಚೇರಿಯಲ್ಲಿದ್ದರು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ ಮುಗಿಸಿದಳು, ಮದುವೆಯಾಗಿ ಪೆನಾಂಗ್‌ಗೆ ಬಂದಳು. ಗಂಡನ ವೀಸಾದ ಮೇಲೆ ಬಂದವಳಿಗೆ ಕೆಲಸ ಮಾಡುವ ಹಾಗಿಲ್ಲ. ಹುಳಿಪುಡಿ ಕುಟ್ಟಿದಳು, ಶನಿವಾರಗಳಂದು ಕಾಂಡೋದ ಕೆಳಗಿನ ಕೋಣೆಯಲ್ಲಿ ಏಳು ಮಕ್ಕಳಿಗೆ ಕನ್ನಡ ಹೇಳಿಕೊಟ್ಟಳು, ಹದಿನೈದನೇ ಮಹಡಿಯ ಬಾಲ್ಕನಿಯಲ್ಲಿ ತುಳಸಿ ಬೆಳೆಸಿದಳು. ಆ ಮಹಡಿಯ ಗಾಳಿಗೆ ತುಳಸಿ ನಿಲ್ಲುತ್ತಿರಲಿಲ್ಲ. ಸತ್ತಾಗಲೆಲ್ಲ ಹೊಸದು ತರುತ್ತಿದ್ದಳು.

ಎಲೆ ಕೀಳುವ ಮೊದಲು ಗಿಡದ ಬುಡ ಮುಟ್ಟಿ, "ಅಮ್ಮಾ, ಎರಡೆಲೆ ತಗೊಳ್ಳಲಾ" ಎಂದು ಕೇಳಿ, ಉತ್ತರ ಬರುತ್ತದೆ ಎನ್ನುವ ಹಾಗೆ ಒಂದು ಗಳಿಗೆ ಕಾಯುತ್ತಿದ್ದಳು. ತಾಯಿ ಕಲಿಸಿದ್ದಂತೆ. "ಗಿಡ ಬ್ಯಾಡ ಅಂದ್ರ ಏನ ಮಾಡ್ತಿ?" ಎಂದು ನಾನು ಕೆಣಕಿದ್ದೆ. "ಬೇಡ ಅಂದ್ರೆ ಕೀಳಲ್ಲ," ಎಂದಳು, ನಗದೆ.

ಇಂಚರ ಅವರ ಒಬ್ಬಳೇ ಮಗಳು. ತಾಯಿಯ ಕನ್ನಡ ತರಗತಿಯಲ್ಲಿ ಎಲ್ಲರಿಗಿಂತ ದಡ್ಡ ವಿದ್ಯಾರ್ಥಿನಿ ಅವಳೇ. ಏನು ಕೇಳಿದರೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಕಾಗೆ ಅನ್ನು ಕಂದಾ" ಎಂದರೆ "ಓಕೆ ಅಮ್ಮ, ಕ್ರೋ" ಎನ್ನುತ್ತಿದ್ದಳು. ಎರಡು ಸಾವಿರದ ಇಪ್ಪತ್ತೊಂದರ ಅಕ್ಟೋಬರಿನಲ್ಲಿ ಅವಳಿಗೆ ಜ್ವರ ಬಂತು. ಕೊರೋನಾ ಇನ್ನೂ ಮುಗಿದಿರಲಿಲ್ಲ, ಆಸ್ಪತ್ರೆಗೆ ಹೋಗುವುದೇ ಭಯದ ವಿಷಯವಾಗಿತ್ತು. "ನಾಳೆ ನೋಡೋಣ," ಎಂದ ನಾಣಿ, ಮೂರನೆಯ ದಿನವೂ. ಆ ನಾಳೆಗೆ ಜ್ವರ ಇಳಿಯಿತು. ಮನೆಯಲ್ಲಿ ಪಾಯಸ ಮಾಡಿದರು. ಡೆಂಗಿಯಲ್ಲಿ ಜ್ವರ ಇಳಿದ ಮೇಲೇ ಅಪಾಯ ಶುರುವಾಗುವುದು ಎಂದು ಅವರಿಗೆ ಯಾರು ಹೇಳಬೇಕು? ಮರುದಿನ ಬೆಳಿಗ್ಗೆ ಮಗುವಿನ ಕೈಕಾಲು ತಣ್ಣಗಾಗಿತ್ತು. ಭಾನುವಾರದ ಹೊತ್ತಿಗೆ ಮಗು ಇರಲಿಲ್ಲ. ಒಂಬತ್ತು ವರ್ಷ.

ನಾನು ಹೋಗಿ ಹತ್ತು ದಿನ ಅವರ ಮನೆಯಲ್ಲಿದ್ದೆ. ಬೂದಿಯನ್ನು ಸಮುದ್ರಕ್ಕೆ ಬಿಟ್ಟು ಬಂದ ಮಧ್ಯಾಹ್ನದಿಂದ ನಾಣಿ ಮನೆಯಲ್ಲಿ ಮಾತು ನಿಲ್ಲಿಸಿದ. ಕಾರ್ಖಾನೆಯಲ್ಲಿ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಆಡುತ್ತಿದ್ದನಂತೆ. ಮನೆಗೆ ಬಂದರೆ ಹೂಂ, ಉಹೂಂ ಕೂಡ ಇಲ್ಲ. ಬಡಿಸಿದ್ದನ್ನು ಉಣ್ಣುವುದು, ಸೋಫಾದ ಒಂದು ತುದಿಯಲ್ಲಿ ಕೂರುವುದು. ಮನೋವೈದ್ಯರು ಖಿನ್ನತೆಗೆ ಗುಳಿಗೆ ಬರೆದುಕೊಟ್ಟರು. ಆ ಗುಳಿಗೆಯ ಹಾಳೆಯನ್ನು ನಾನೇ ತಿರುಗಿಸಿ ನೋಡಿ, ಒಳ್ಳೆಯ ಔಷಧ, ಒಂದು ದಿನವೂ ತಪ್ಪಿಸಬೇಡಿ ಎಂದು ಹೇಳಿದ್ದೆ.

ಬೆಟ್ಟದ ಆಚೆ ಬಾಲಿಕ್ ಪುಲಾವ್‌ನಲ್ಲಿ ಒಂದು ಡುರಿಯನ್ ಹಣ್ಣಿನ ತೋಟ, ಅದರ ಮುಂದೆ ಸಸಿ ಮಾರುವ ನರ್ಸರಿ. ಮೂರು ವರ್ಷದ ಹಿಂದೆ ಉಷಾ ಮತ್ತೊಂದು ತುಳಸಿ ಕೊಳ್ಳಲು ಅಲ್ಲಿಗೆ ಹೋದಳು. ನರ್ಸರಿಯವರು ಅಂಕಲ್ ಥೆಸೈರಾ, ಮೆಲಾಕಾದ ಹಳೆಯ ಪೋರ್ಚುಗೀಸ್ ಮನೆತನದವರು, ಎಪ್ಪತ್ತು ದಾಟಿದ ಕ್ರೈಸ್ತರು. ಅವಳು ಗಿಡದ ಬುಡ ಮುಟ್ಟಿ ಕೇಳಿ, ಕಾದು, ಆಮೇಲೆ ಎಲೆ ಮೂಸಿದ್ದನ್ನು ಅವರು ದೂರದಿಂದ ನೋಡಿದರು. ಹತ್ತಿರ ಬಂದು, ನಮ್ಮಲ್ಲಿ ಎಲೆ ಶುಚಿ ಮಾಡಲು ನಿನ್ನಂಥವರು ಬೇಕು, ಬರುತ್ತೀಯಾ ಎಂದರು.

ತೋಟದ ಹಿಂದೆ ತಗಡು ಹೊದಿಸಿದ ಒಂದು ಉದ್ದನೆಯ ಮನೆ. ಅದೇ ಅವರ ಚರ್ಚು. ಥೆಸೈರಾ ಯೌವನದಲ್ಲಿ ಹಡಗಿನಲ್ಲಿ ಅಡುಗೆಯವರಾಗಿದ್ದು, ಬ್ರೆಜಿಲ್‌ನಲ್ಲಿ ಇಳಿದು ಎಂಟು ವರ್ಷ ನಿಂತವರು. ಅಲ್ಲಿನ ಕಾಡಿನ ರಬ್ಬರ್ ಕೂಲಿಗಳು ಕಟ್ಟಿಕೊಂಡ ಒಂದು ಭಕ್ತಿಯಿದೆ. ಏಸು, ಮೇರಿಯಮ್ಮ, ಜಪಸರ, ಶಿಲುಬೆ ಎಲ್ಲವೂ ಇವೆ, ಜೊತೆಗೆ ಕಾಡಿನ ಮೂಲನಿವಾಸಿಗಳ ಬಳ್ಳಿಯೂ ಇದೆ. ಒಂದು ಬಳ್ಳಿ, ಒಂದು ಎಲೆ, ಎರಡನ್ನೂ ಕುದಿಸಿದ ಕಂದು ಕಷಾಯವೇ ಅವರಿಗೆ ಕ್ರಿಸ್ತನ ರಕ್ತ. ಕುಡಿದವರಿಗೆ ಇಲ್ಲದ್ದು ಕಾಣುತ್ತದೆ. ಇಲ್ಲದ್ದಲ್ಲ, ನೀವು ಕಾಣದೆ ಇದ್ದದ್ದು ಎನ್ನುತ್ತಾರೆ ಅವರು. ಮಲಯಾಕ್ಕೆ ರಬ್ಬರ್ ಸಸಿ ಬಂದದ್ದೂ ಆ ಕಾಡಿನಿಂದಲೇ. ರಬ್ಬರ್ ಮೊದಲು ಬಂತು, ದೇವರು ನೂರು ವರ್ಷ ತಡವಾಗಿ ಬಂದ ಎಂದು ಅಂಕಲ್ ತಮಾಷೆ ಮಾಡುತ್ತಿದ್ದರು. ಈ ದೇಶದ ಕಾನೂನಿಗೆ ಈ ತಮಾಷೆಯೆಲ್ಲ ತಿಳಿಯುವುದಿಲ್ಲ. ಅಂಥ ಕಷಾಯ ಸಿಕ್ಕರೆ ಜೈಲು. ಹಾಗಾಗಿ ಅಲ್ಲಿಗೆ ಹೋಗುವ ಮೂವತ್ತು ನಲವತ್ತು ಜನ ಬಾಯಿ ಬಿಡುತ್ತಿರಲಿಲ್ಲ.

ಉಷಾ ಆರು ತಿಂಗಳು ಬರೀ ಎಲೆ ಶುಚಿ ಮಾಡಿದಳು. ಹೆಂಗಸರು ಸುತ್ತ ಕೂತು, ಮಾತಿಲ್ಲದೆ, ಒಂದೊಂದೇ ಎಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಬಿಲ್ವಪತ್ರೆ ಆರಿಸಿ ಬೆಳೆದವಳಿಗೆ ಅದು ಹೊಸದಲ್ಲ. ಏಳನೆಯ ತಿಂಗಳು ಬಟ್ಟಲು ಅವಳ ಕೈಗೂ ಬಂತು. ಕುಡಿಯುವ ಮೊದಲು ಅಂಗೈಗೆ ಎರಡು ಹನಿ ಸುರಿದುಕೊಂಡು ಕಣ್ಣಿಗೆ ಒತ್ತಿಕೊಂಡಳಂತೆ.

ನನಗೆ ಗೊತ್ತಾದಾಗ ಬಾಯಿಗೆ ಬಂದಂತೆ ಬೈದೆ. ಬೈಸಿಕೊಂಡು, "ಒಂದ್ಸಲ ಬಂದು ನೋಡು, ಆಮೇಲೆ ಬೈಯಿ" ಎಂದಳು. ಹೋದೆ. ಒಳಗೆ ಕಾಲಿಡಲಿಲ್ಲ. ಈ ದೇಶದಲ್ಲಿ ನನ್ನಂಥ ಮುಸ್ಲಿಂ ಹೆಂಗಸು ಅಂಥ ಕಡೆ ಕಾಣಿಸಿಕೊಂಡರೆ ಪರಿಣಾಮವೇ ಬೇರೆ. ಸಸಿಗಳ ನೆರಳುಬಲೆಯ ಕೆಳಗೆ ಬೆಂಚಿನ ಮೇಲೆ ಕೂತೆ. ಕಿಟಕಿಗೆ ಜಾಳಿಗೆ ಇತ್ತು, ಒಳಗಿನದೆಲ್ಲ ಕಾಣುತ್ತಿತ್ತು. ಬೆಳಗಿನ ಹನ್ನೊಂದು ಗಂಟೆ, ಚುರುಗುಡುವ ಬಿಸಿಲು.

ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ, ಎಲ್ಲರೂ ಬಿಳಿ ಬಟ್ಟೆ. ಉಷಾ ಬಿಳಿ ಸೀರೆ ಉಟ್ಟಿದ್ದಳು. ಮುತ್ತೈದೆ ಬರೀ ಬಿಳಿ ಉಡುವುದು ಅವಳಿಗೇ ಕಸಿವಿಸಿಯಾಗಿ ಹಣೆಗೆ ಎಂದಿಗಿಂತ ಎರಡು ಪಟ್ಟು ಕುಂಕುಮ ಇಟ್ಟುಕೊಂಡಿದ್ದಳು. ಹಾಡು ಶುರುವಾಯಿತು. ಸಾಲು ಸಾಲಾಗಿ ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ. ಕೊನೆಯ ಹಾಡು ಮುಗಿಯುವ ತನಕ ಯಾರೂ ತಮ್ಮ ಜಾಗ ಬಿಡುವಂತಿಲ್ಲ. ಕುಡಿದವರನ್ನು ನೋಡಿಕೊಳ್ಳುವ ಕಾವಲಿನವರು ಬಕೆಟ್ ಹಿಡಿದು ಓಡಾಡುತ್ತಾರೆ, ವಾಂತಿಯಾದವರು ಒರೆಸಿಕೊಂಡು ಮತ್ತೆ ಹೆಜ್ಜೆ ಸೇರಿಸುತ್ತಾರೆ.

ಸ್ವಲ್ಪ ಹೊತ್ತು ನೋಡಿದ ಮೇಲೆ ನನಗೆ ಒಂದು ವಿಷಯ ಗಮನಕ್ಕೆ ಬಂತು. ಸಾಲಿನಲ್ಲಿ ಎಲ್ಲರೂ ಭುಜಕ್ಕೆ ಭುಜ ತಾಗುವಷ್ಟು ಒತ್ತಾಗಿ ನಿಂತಿದ್ದರು. ಉಷಾಳ ಬಲಕ್ಕೆ ಮಾತ್ರ ಒಂದು ತೆರಪು. ಸಾಲು ಎಡಕ್ಕೆ ಹೋದರೆ ತೆರಪೂ ಎಡಕ್ಕೆ, ಬಲಕ್ಕೆ ಬಂದರೆ ಅದೂ ಬಲಕ್ಕೆ. ಆಚೆ ನಿಂತ ಚೀನೀ ಅಜ್ಜಿಯ ಕಣ್ಣು ಪೂರ್ತಿ ಮುಚ್ಚಿತ್ತು. ಆದರೂ ಆಕೆ ಒಮ್ಮೆಯೂ ಆ ತೆರಪಿನೊಳಗೆ ಹೆಜ್ಜೆ ಇಡಲಿಲ್ಲ. ದೊಡ್ಡವರು ನಿಲ್ಲಲು ಸಾಲದಷ್ಟು ಜಾಗ ಅದು.

ಹಾಡು ಮುಗಿದ ಮೇಲೆ ಅಂಕಲ್ ನೀರು ತಂದುಕೊಟ್ಟರು. ಆ ಜಾಗ ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ಬಿಡಬೇಕು ಲಾ," ಎಂದರು, ಇಲ್ಲಿಯವರ ರೂಢಿಯ ಲಾ ಸೇರಿಸಿ. "ಇಲ್ಲದಿದ್ರೆ ಡಿಕ್ಕಿ ಆಗುತ್ತೆ."

"ಯಾರಿಗೆ?"

"ಅವಳ ಜೊತೆ ಬಂದವರಿಗೆ."

ನಾನು ವಿಜ್ಞಾನ ಓದಿದವಳು, ಭ್ರಮೆ ಹುಟ್ಟಿಸುವ ವಸ್ತು ಮೆದುಳಿನ ಯಾವ ಬಾಗಿಲು ತಟ್ಟುತ್ತದೆ ಎಂದು ಚಿತ್ರ ಬರೆದು ತೋರಿಸಬಲ್ಲೆ. ಆದರೆ ಅಂದು ಕಷಾಯ ಕುಡಿಯದೆ ಆ ತೆರಪನ್ನು ಕಂಡವಳೂ ನಾನೇ.

ವಾಪಸು ಬರುವಾಗ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಉಷಾ ಎಲ್ಲ ಹೇಳಿದಳು. ಮೊದಲ ಸಲ ಇಂಚರ ಎಲೆಯ ಬುಟ್ಟಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳಂತೆ. ಕೊನೆಯ ದಿನ ಆಸ್ಪತ್ರೆಗೆ ಒಯ್ಯುವಾಗ ಹಾಕಿದ್ದ ಹಳದಿ ಫ್ರಾಕು. ಇಂಗ್ಲಿಷಿನಲ್ಲಿ ಎಲೆ ಎಣಿಸುತ್ತಿದ್ದಳಂತೆ. ಮುಖ ತೋರಿಸಲು ನಾಲ್ಕು ತಿಂಗಳು ಹಿಡಿಯಿತಂತೆ.

"ಪ್ರತಿ ಸಲ ಸ್ವಲ್ಪ ಎತ್ತರ ಆಗಿರ್ತಾಳೆ ಸುಫಿಯಾ," ಎಂದಳು. "ಫ್ರಾಕ್ ಅದೇ. ಈಗ ಮಂಡಿಗಿಂತ ಮೇಲೆ ಹೋಗಿದೆ. ತೋಳು ಬಿಗೀತಿದೆ. ಬದುಕಿದ್ರೆ ಈಗ ಹದಿಮೂರು ಅಲ್ವಾ, ಸರಿಯಾಗಿ ಅಷ್ಟೇ ಎತ್ತರ."

ನಾನು ಚಹಾದ ಲೋಟ ಕೆಳಗಿಟ್ಟೆ. "ಏನರ ಮಾತಾಡ್ತಾಳೇನು?"

"ಒಂದೇ ಮಾತು. ವೇರ್ ಈಸ್ ಅಪ್ಪ, ಅಂತಾಳೆ. ಕೋಪ ಇಲ್ಲ ಕಣೇ ಅವಳಿಗೆ. ಅಪ್ಪ ತಡ ಮಾಡಿದ್ರು ಅಂತ ಒಂದ್ಚೂರೂ ಕೋಪ ಇಲ್ಲ. ನಾನು ಹೇಳಿದ್ರೆ ನಾಣಿ ನಂಬಲ್ಲ. ಅವಳ ಬಾಯಿಂದಾನೇ ಕೇಳ್ಬೇಕು. ಕೇಳಿದ್ರೆ ಅವರಿಗೆ ಮಾತು ಬರುತ್ತೆ."

ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಮಗಳು ತಿರುಗಿ ಬರಲಿ ಎಂಬ ಹುಚ್ಚು ಅವಳಿಗಿರಲಿಲ್ಲ. ಗಂಡ ಒಂದು ಸಲ ತಪ್ಪಿನಿಂದ ಬಿಡುಗಡೆಯಾಗಿ ಬಾಯಿ ತೆರೆಯಲಿ ಎಂದಷ್ಟೇ. ನಾಣಿಯನ್ನು ಕರೆತರಲೇ ಎಂದು ಅಂಕಲ್ ಅವರನ್ನು ಕೇಳಿದ್ದಳು. ಹೊಸಬರಿಗೆಲ್ಲ ಕೇಳುವಂತೆ ಅಂಕಲ್, ಯಾವ ಗುಳಿಗೆ ತಿನ್ನುತ್ತಾನೆ ಎಂದು ಕೇಳಿದರು. ಹೇಳಿದಳು. ಅವರು ಕೈ ಮುಗಿದುಬಿಟ್ಟರು. ಆ ಗುಳಿಗೆ ನಿಂತು ಒಂದೂವರೆ ತಿಂಗಳಾಗಬೇಕು, ಅದಕ್ಕೆ ಡಾಕ್ಟರ ಒಪ್ಪಿಗೆ ಬೇಕು, ಅಲ್ಲಿಯವರೆಗೆ ಅವನು ಈ ಬಟ್ಟಲು ಮುಟ್ಟುವಂತಿಲ್ಲ ಎಂದರು.

ಒಂದು ವಾರದ ನಂತರ ಉಷಾ ಫೋನಿನಲ್ಲಿ ಮಾತಿನ ನಡುವೆ, "ನಾಣಿ ಮಾತ್ರೆ ನಿಲ್ಲಿಸ್ಬಹುದಾ?" ಎಂದು ಕೇಳಿದಳು. ನಾನು ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯ ಮುಂದೆ ಕೂತಿದ್ದೆ. "ಹುಚ್ಚಿಗಿಚ್ಚು ಹಿಡದೈತೇನು? ನಿಲ್ಲಿಸಿದರ ಹದಿನೈದನೇ ಮಾಳಗಿಂದ ಹಾರ್ತಾನ ಅಂವ," ಎಂದೆ. ಯಾಕೆ ಕೇಳುತ್ತಿದ್ದಾಳೆ ಎಂದು ಕೇಳಲಿಲ್ಲ. ಆ ಕಷಾಯ, ಈ ಗುಳಿಗೆ, ಎರಡೂ ಸೇರಿದರೆ ಏನಾಗುತ್ತದೆ ಎಂಬುದು ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತಿತ್ತು. ಆದರೆ ಬಟ್ಟಲು ಚರ್ಚು ಬಿಟ್ಟು ಹೊರಗೆ ಹೋಗಬಾರದು ಎಂದು ಅಂಕಲ್ ನಿಯಮ ಮಾಡಿದ್ದರು, ಅದನ್ನೇ ನಂಬಿಕೊಂಡು ಕೂತೆ.

ನಂಬಬಾರದಿತ್ತು. ಹುಬ್ಬಳ್ಳಿಯಲ್ಲಿ ನಮ್ಮಜ್ಜಿ ದರ್ಗಾದಿಂದ ಬರುವಾಗ ಸೆರಗಿನ ತುದಿಗೆ ಸಕ್ಕರೆ ಕಟ್ಟಿಕೊಂಡು ಬರುತ್ತಿದ್ದಳು, ಹಾಸಿಗೆ ಹಿಡಿದ ಅಜ್ಜನಿಗೆ, ನೆರೆಮನೆಯ ಬಾಣಂತಿಗೆ. ಬರಲಾರದವರಿಗೆ ಒಯ್ಯದಿದ್ದರೆ ಅದು ಪ್ರಸಾದವೇ ಅಲ್ಲ. ಈ ಮಾತು ಬ್ರೆಜಿಲ್‌ನಿಂದ ಧರ್ಮ ತಂದ ಅಂಕಲ್‌ಗೆ ಗೊತ್ತಿರಬೇಕಾಗಿರಲಿಲ್ಲ. ನನಗೆ ಗೊತ್ತಿರಬೇಕಾಗಿತ್ತು.

ಪೂಜೆ ಮುಗಿದ ಮೇಲೆ ಕಷಾಯದ ಹೂಜಿ ತೊಳೆಯುವುದು ಉಷಾಳ ಪಾಲಿನ ಕೆಲಸ. ತಳದಲ್ಲಿ ಉಳಿದದ್ದನ್ನು ಬಳ್ಳಿಯ ಬುಡಕ್ಕೆ ಸುರಿಯಬೇಕೆಂದು ಅವರ ಕ್ರಮ. ನೆಲಕ್ಕೆ ಬಿದ್ದ ತೀರ್ಥವನ್ನು ಯಾರಾದರೂ ತುಳಿದಾರು ಎಂದು ಅವಳಿಗೆ ಮೊದಲಿನಿಂದ ಸಂಕಟವಂತೆ. ಮೂರು ಭಾನುವಾರ ತಳದ ಗಟ್ಟಿ ಕಷಾಯವನ್ನು ಜೇನಿನ ಬಾಟಲಿಗೆ ಬಸಿದುಕೊಂಡಳು. ಕದ್ದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಗುಳಿಗೆಯ ವಿಷಯವೂ ಅವಳಿಗೆ ನೆನಪಿತ್ತು. ಕುಡಿಯಬಾರದು ಎಂದಿದ್ದರು, ನಿಜ. ಉದ್ಧರಣೆಯಲ್ಲಿ ಕೊಡುವುದು ಕುಡಿಸಿದಂತೆ ಆಗುತ್ತದೆಯೇ? ಅವಳ ತಂದೆಗೆ ಸಕ್ಕರೆ ಕಾಯಿಲೆ. ಆದರೂ ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯವನ್ನು ಒಂದು ದಿನವೂ ಬಿಟ್ಟವರಲ್ಲ. ಪ್ರಸಾದಕ್ಕೆ ಪಥ್ಯವಿಲ್ಲ ಎನ್ನುವ ಮಾತು ಕೇಳಿಕೊಂಡೇ ಬೆಳೆದವಳು ಅವಳು. ಎಂಥ ಡಾಕ್ಟರರ ಮನೆಯಲ್ಲೂ ಆ ಮಾತು ಓಡುತ್ತದೆ.

ಕಳೆದ ವರ್ಷ ಜುಲೈ ತಿಂಗಳ ಒಂದು ಭಾನುವಾರ. ಆ ದಿನ ಅವಳು ತಾನು ಬಟ್ಟಲು ಮುಟ್ಟಲಿಲ್ಲ. ಗಂಡನ ಹತ್ತಿರ ಎಚ್ಚರವಾಗಿರಬೇಕು ಎಂದುಕೊಂಡಳು. ಎರಡೂವರೆಗೆ ಮನೆಗೆ ಬಂದು, ಕೈಕಾಲು ತೊಳೆದು, ದೇವರ ಮುಂದೆ ಪಂಚಪಾತ್ರೆಯಲ್ಲಿ ಆ ಕಂದು ನೀರನ್ನು ಸುರಿದಿಟ್ಟಳು. ಸೋಫಾದ ತುದಿಯಲ್ಲಿ ಕೂತಿದ್ದ ನಾಣಿಯ ಮುಂದೆ ನಿಂತು, "ತೀರ್ಥ ತಗೊಳ್ಳಿ. ಇದನ್ನ ತಗೊಂಡ್ರೆ ಇಂಚು ಕಾಣ್ತಾಳೆ" ಎಂದಳು. ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಬಲಗೈ ಚಾಚಿದ. ಅಕಾಲಮೃತ್ಯು ದೂರವಾಗಲಿ ಎಂಬ ಮಂತ್ರ ಹೇಳಿ ಬೆಳ್ಳಿಯ ಉದ್ಧರಣೆಯಿಂದ ಮೂರು ಸಲ ಕೊಟ್ಟಳು. ಮೂರಕ್ಕೆ ಮುಗಿಯಬೇಕು. ನಾಣಿ ಕೈ ಹಿಂದೆಗೆಯಲಿಲ್ಲ.

"ಇನ್ನೂ ಇದ್ಯಾ?" ಎಂದ.

ನಾಲ್ಕು ವರ್ಷಗಳ ನಂತರ ಅವನ ಬಾಯಿಂದ ಬಿದ್ದ ಮೊದಲ ಮಾತು. ಬೇಡ ಎನ್ನಲು ಅವಳ ಕೈಲಾಗಲಿಲ್ಲ. ಪಂಚಪಾತ್ರೆಯನ್ನೇ ಕೊಟ್ಟುಬಿಟ್ಟಳು.

ನಾಲ್ಕೂವರೆಗೆ ನನ್ನ ಫೋನು ಬಡಿಯಿತು. ನಾನು ಮೆಲಾಕಾದಲ್ಲಿ ಬಟ್ಟೆ ಮಡಚುತ್ತಿದ್ದೆ.

"ಸುಫಿಯಾ, ನಾಣಿ ಮಾತಾಡ್ತಿದಾರೆ," ಎಂದಳು ಉಷಾ. ದನಿ ತೀರಾ ಮೆಲ್ಲಗಿತ್ತು, ತೊಟ್ಟಿಲ ಪಕ್ಕ ನಿಂತು ಆಡುವವರ ಹಾಗೆ.

ನನಗೆ ಕಣ್ಣು ತುಂಬಿತು. "ಅಲ್ಲಾ ದೊಡ್ಡಂವ," ಎಂದೆ. ಅಷ್ಟರಲ್ಲಿ ಹಿಂದಿನಿಂದ ಅವನ ದನಿ ಕೇಳಿಸಿತು. ಹಳೆಯ ರೇಡಿಯೋವೇ. ಆದರೆ ವೇಗ ಸರಿಯಿರಲಿಲ್ಲ. ಉಸಿರು ತೆಗೆದುಕೊಳ್ಳದೆ, ನಗುತ್ತಾ, ಪ್ರಶ್ನೆ ಕೇಳುತ್ತಾ, ನಡುನಡುವೆ ಯಾರದೋ ಉತ್ತರಕ್ಕೆ ಜಾಗ ಬಿಡುತ್ತಾ ಮಾತಾಡುತ್ತಿದ್ದ. ಆ ಜಾಗದಲ್ಲಿ ಫೋನಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಪೂರ್ತಿ ನಿಶ್ಶಬ್ದ. ಆಮೇಲೆ ಅವನು, "ಹೌದಾ? ಆಮೇಲೆ?" ಎನ್ನುತ್ತಿದ್ದ.

"ಉಷಾ, ಅಂವ ಯಾರ ಜೋಡಿ ಮಾತಾಡಾಕತ್ತಾನ?"

"ಇಂಚು ಜೊತೆ."

"ಮೈ ಹೆಂಗೈತಿ?"

"ಸ್ವಲ್ಪ ಬಿಸಿ ಇದೆ. ಕಾಲು ತಾನಾಗೇ ಕುಣೀತಿದೆ. ಬೆವರ್ತಾ ಇದಾರೆ. ಈಗ, ಈಗ ತಾನೇ ಶುರುವಾಯ್ತು."

"ಏನ ಕೊಟ್ಟಿ ಅವಗ?"

"ತೀರ್ಥ."

ಪ್ರತಿ ವರ್ಷ ತರಗತಿಯಲ್ಲಿ ಹಲಗೆಯ ಮೇಲೆ ನಾನೇ ಬರೆಯುವ ವಿಷಲಕ್ಷಣಗಳ ಪಟ್ಟಿ ಅದು. ಜ್ವರ, ಬೆವರು, ಕುಣಿಯುವ ಕಾಲು, ಎಡೆಬಿಡದ ಮಾತು. ಆಂಬ್ಯುಲೆನ್ಸ್‌ಗೆ ಫೋನ್ ಮಾಡು, ಏನು ಕೊಟ್ಟೆ ಎಂದು ಬಂದವರಿಗೆ ಮುಚ್ಚಿಡದೆ ಹೇಳು ಎಂದು ಕಿರುಚಿದೆ.

"ಅಂಕಲ್‌ಗೆ ಜೈಲಾಗುತ್ತಲ್ವಾ," ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಐದ್ನಿಮಿಷ ಸುಫಿಯಾ. ಸ್ಕೂಲ್ ಬಸ್ಸಿಂದು ಹೇಳ್ತಿದಾರೆ" ಎಂದು ಫೋನ್ ಇಟ್ಟಳು.

ನಾನೇ ತುರ್ತುಸೇವೆಗೆ ಫೋನ್ ಮಾಡಿ ಅವಳ ವಿಳಾಸ ಕೊಟ್ಟೆ. ಅವರು ಐದೂ ಹತ್ತಕ್ಕೆ ಬಾಗಿಲು ತಟ್ಟಿದರು. ನಾನು ಗಾಡಿ ಹತ್ತಿ ಐದೂವರೆ ಗಂಟೆ ಓಡಿಸಿ ಪೆನಾಂಗ್ ಮುಟ್ಟುವಷ್ಟರಲ್ಲಿ ನಾಣಿಯ ಮೈ ನಲವತ್ತೊಂದು ಡಿಗ್ರಿ ಮುಟ್ಟಿ, ಬಾಯಿಗೆ ಕೊಳವೆ ಬಿದ್ದಿತ್ತು. ಮರುದಿನ ಬೆಳಿಗ್ಗೆ ಅಂಕಲ್ ಥೆಸೈರಾ ಪೂಜೆಯ ಬಿಳಿ ಬಟ್ಟೆಯಲ್ಲೇ ಆಸ್ಪತ್ರೆಗೆ ಬಂದರು. ಕಷಾಯ ಕೊಟ್ಟವನು ನಾನೇ ಎಂದು ವೈದ್ಯರಿಗೆ ಹೇಳಿದರು, ಪೊಲೀಸರಿಗೂ ಅದನ್ನೇ ಹೇಳಿದರು. ಉಷಾ ಬಾಯಿ ತೆರೆಯಲು ಹೋದಾಗ ಅವಳ ಕೈ ಅಮುಕಿ ಸುಮ್ಮನಿರಿಸಿದರು. ನಾನು ಪಕ್ಕದಲ್ಲೇ ಇದ್ದೆ, ಸುಮ್ಮನಿದ್ದೆ. ಬುಧವಾರ ಮಧ್ಯಾಹ್ನ ನಾಣಿ ತೀರಿಕೊಂಡ.

ಗಂಡ ಹೋದ ಮೇಲೆ ಅವಳ ವೀಸಾಕ್ಕೂ ಅರ್ಥವಿರಲಿಲ್ಲ. ಎರಡು ತಿಂಗಳ ಗಡುವು ಸಿಕ್ಕಿತು. ಸಾಮಾನು ಕಟ್ಟಲು ನಾನು ಹೋದೆ. ಬಾಲ್ಕನಿಯ ಬಾಗಿಲು ತೆರೆದಿತ್ತು, ಸಂಜೆ ನಾಲ್ಕರ ಬಿಸಿಲು ಒಳಗೆ ಬಂದಿತ್ತು. ಡಬ್ಬಗಳ ನಡುವೆ ನೆಲದ ಮೇಲೆ ಕೂತು ಉಷಾ ತಾನಾಗಿ ಹೇಳತೊಡಗಿದಳು.

"ಈಗ ತಾನೇ ಜ್ವರ ಶುರುವಾಯ್ತು ಅಂತ ನಿಂಗೆ ಹೇಳಿದ್ನಲ್ಲ, ಅದು ಸುಳ್ಳು. ಮುಕ್ಕಾಲು ಗಂಟೆ ಆಗಿತ್ತು. ಹಣೆ ಮುಟ್ಟಿ ನೋಡಿದ್ದೆ. ಆ ಬಿಸಿ ನನಗೆ ಗೊತ್ತಿತ್ತು ಸುಫಿಯಾ. ಅದೇ ಬಿಸಿ. ಗೊತ್ತಿದ್ದೂ ಪಕ್ಕದಲ್ಲಿ ಕೂತ್ಕೊಂಡೆ."

ನಾನು ಅವಳ ಎದುರಿಗೆ ಕೂತೆ.

"ಅವರು ಮಾತಾಡ್ತಿದ್ರು. ನಾಲ್ಕು ವರ್ಷ ಆಗಿತ್ತು ಕೇಳಿ. ಈ ಒಂದು ಮಾತು ಮುಗೀಲಿ, ಆಮೇಲೆ ಫೋನ್ ಮಾಡ್ತೀನಿ ಅಂದ್ಕೊಂಡೆ. ಅದು ಮುಗಿದ್ರೆ ಇನ್ನೊಂದು. ಅವಳು ಏನು ಹೇಳ್ತಿದ್ಲೋ ನನಗೆ ಕೇಳಿಸ್ತಿರ್ಲಿಲ್ಲ. ನಾನು ಅವತ್ತು ಕುಡಿದಿರ್ಲಿಲ್ವಲ್ಲ." ಅವಳು ಅಂಟುಪಟ್ಟಿಯ ಸುರುಳಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. "ಮಧ್ಯದಲ್ಲಿ ಒಂದ್ಸಲ ಅವರು ಮಾತು ನಿಲ್ಲಿಸಿ ಏನೋ ಕೇಳಿಸ್ಕೊಂಡ್ರು. ನನ್ನ ಕಡೆ ತಿರುಗಿ ನೋಡಿದ್ರು. ನೋಡಿ ನಕ್ಕರು. ಆಮೇಲೆ ಅವಳಿಗೆ ಹೇಳಿದ್ರು, ಅಮ್ಮನ್ನ ಅವಸರ ಮಾಡ್ಬೇಡ ಕಂದ, ಅವಳೂ ಸ್ವಲ್ಪ ಹೊತ್ತು ಕೇಳಿಸ್ಕೊಳ್ಳಿ, ಆಸ್ಪತ್ರೆಗೆ ಆಮೇಲೆ ಹೋಗೋಣ, ಅಂತ."

ಆಸ್ಪತ್ರೆಗೆ ಫೋನ್ ಮಾಡು ಎಂದು ಆ ಮಗು ತಾಯಿಗೆ ಹೇಳುತ್ತಿತ್ತು, ತಾಯಿಗೆ ಅದು ಕೇಳಿಸುತ್ತಿರಲಿಲ್ಲ.

"ನೀನು ಡಾಕ್ಟರು," ಎಂದಳು ಉಷಾ, ತಲೆ ಎತ್ತದೆ. "ಆ ಮುಕ್ಕಾಲು ಗಂಟೆ ಮೊದಲೇ ಹೋಗಿದ್ರೆ?"

ಬದುಕುತ್ತಿದ್ದ. ಬಹುಮಟ್ಟಿಗೆ ಬದುಕುತ್ತಿದ್ದ. ಮೈ ತಣ್ಣಗೆ ಮಾಡುವುದು ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದೆಂದು ಪುಸ್ತಕದಲ್ಲೇ ಇದೆ, ನಾನೇ ಕಲಿಸುತ್ತೇನೆ. ಎದುರಿಗಿದ್ದವರು ಯಾರೇ ಇರಲಿ, ಇದ್ದದ್ದನ್ನು ಮುಖಕ್ಕೆ ಹೇಳುವುದು ನನ್ನ ಸ್ವಭಾವ. ಅಂದು ಉಷಾಳ ಬೋಳು ಹಣೆ ನೋಡಿ ನಾಲಿಗೆ ಏಳಲಿಲ್ಲ.

"ಏನೂ ಫರಕ್ ಆಗತಿರಲಿಲ್ಲ ಬಿಡು," ಎಂದೆ. "ಮೊದಲ ಹೋಗಿದ್ರೂ ಹಿಂಗ ಆಗತಿತ್ತು. ನಿನ್ನ ತಪ್ಪಲ್ಲ."

ಉಷಾ ನನ್ನನ್ನು ಸಮಾಧಾನವಾಗಿ ನೋಡಿದಳು. ಅವಳ ಮುಖದಲ್ಲಿ ಕೋಪ ಒಂದು ಚೂರೂ ಇರಲಿಲ್ಲ.

"ಇಂಚು ಹೋದಾಗ ನಾಣಿಗೂ ನೀನು ಇದನ್ನೇ ಹೇಳಿದ್ದೆ," ಎಂದಳು.

ಹೌದು, ಹೇಳಿದ್ದೆ. ಬೂದಿ ಬಿಟ್ಟು ಬರುವಾಗ, ಕಾರಿನ ಹಿಂದಿನ ಸೀಟಿನಲ್ಲಿ, ಅವನ ಕೈ ಹಿಡಿದುಕೊಂಡು ಇದೇ ಸುಳ್ಳನ್ನು ಹೇಳಿದ್ದೆ. ಅವನು ನನ್ನ ಮುಖ ನೋಡಿದ್ದ. ಅವನು ಮಾತು ನಿಲ್ಲಿಸಿದ್ದು ಆಮೇಲೆ.